ಬೀದಿನಾಯಿಗೆ ಜಾತಿ ಕಟ್ಟಿದವನು

ಆತ ಕೂತದ್ದನ್ನು ನಾನು ನೋಡಿಲ್ಲ. ರಾಜಾಜಿನಗರದ ನಮ್ಮ ವಠಾರದಲ್ಲಿ ಐದಾರು ವರ್ಷ ಗೋಡೆಗೆ ಗೋಡೆ ಅಂಟಿಕೊಂಡು ಬದುಕಿದೆವು, ಆದರೂ ನೋಡಿಲ್ಲ. ಊಟ ನಿಂತೇ. ಕಾಫಿ ನಿಂತೇ. ಚಪ್ಪಲಿ ಹಾಕಿಕೊಳ್ಳುವಾಗಲೂ ಗೋಡೆಗೆ ಕೈ ಕೊಟ್ಟು ಒಂಟಿ ಕಾಲಲ್ಲಿ ನಿಲ್ಲುತ್ತಿದ್ದ. ಹೋದ ತಿಂಗಳು ಕೆಂಗೇರಿಯಲ್ಲಿ ತೀರಿಕೊಂಡನೆಂದು ನನ್ನ ಮಗ ಸುದ್ದಿ ತಂದ. ನಾನು ಹೋಗಲಿಲ್ಲ. ಮಂಡಿ ನೋವು. ಹೋಗಿ ಮಾಡುವುದೂ ಏನಿರಲಿಲ್ಲ. ಆದರೆ ಸುದ್ದಿ ಬಂದಾಗಿನಿಂದ ನನಗೂ ಒಂದು ಕಡೆ ಕೂರಲು ಆಗುತ್ತಿಲ್ಲ. ಎದ್ದು ಬಾಗಿಲಿಗೆ ಹೋಗುತ್ತೇನೆ, ಯಾಕೆ ಬಂದೆ ಎಂದು ಗೊತ್ತಾಗದೆ ವಾಪಸು ಬರುತ್ತೇನೆ. ಬರೆದರೆ ಸರಿಹೋದೀತು ಅಂದುಕೊಂಡು ಬರೆಯುತ್ತಿದ್ದೇನೆ. ಆತನ ಹೆಸರು ಬರೆಯುವುದಿಲ್ಲ. ಹೆಂಡತಿ ಮಕ್ಕಳು ಇದ್ದಾರೆ.

ವಠಾರವೆಂದರೆ ಎಂಟು ಮನೆ, ಒಂದು ನಲ್ಲಿ, ಎರಡು ಕಕ್ಕಸು. ನನ್ನದು ಬೀದಿ ಕಡೆಯ ಮೊದಲ ಮನೆ. ಗಂಡ ಬಿನ್ನಿಪೇಟೆಯ ಗಿರಣಿಗೆ ಹೋದ ಮೇಲೆ ನಾನು ಬಾಗಿಲಲ್ಲಿ ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯಲು ಕೂತರೆ ಏಳುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಹೋಗುವವರು ಬರುವವರು ಎಲ್ಲರೂ ನನ್ನ ಮುಂದೆಯೇ ಹಾಯಬೇಕು. ಆತ ದಿನಕ್ಕೆ ಹತ್ತು ಸಲ ಹಾಯುತ್ತಿದ್ದ. ಬೀದಿಯ ಕೊನೆಯವರೆಗೆ ಹೋಗುತ್ತಿದ್ದ, ಏನೋ ನೆನಪಾದವನಂತೆ ತಿರುಗುತ್ತಿದ್ದ, ಮತ್ತೆ ಹೋಗುತ್ತಿದ್ದ.

“ಏನಪ್ಪ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?” ಎಂದು ಕೇಳಿದೆ ಒಂದು ದಿನ.

“ಇವತ್ತು ಎರಡನೇ ದಿನ ಅಕ್ಕ,” ಅಂದ. ಅಷ್ಟೇ ಹೇಳಿ ಹೋದ. ಎರಡನೆಯ ದಿನ ಅಂದರೇನು ಎಂದು ತಿಳಿಯಲು ನನಗೆ ತಿಂಗಳು ಬೇಕಾಯಿತು.

ಆತನ ಕೆಲಸ ಕಾರ್ಪೊರೇಷನ್ನಿನ ನಾಯಿ ದೊಡ್ಡಿಯಲ್ಲಿ. ವ್ಯಾನಿನವರು ಬೀದಿಬೀದಿ ತಿರುಗಿ ಹಿಡಿದ ನಾಯಿಗಳನ್ನು ತಂದು ಅಲ್ಲಿ ಕೂಡುತ್ತಿದ್ದರು. ಮೂರು ದಿನ ಇಡುವರು. ಯಜಮಾನ ಬಂದು ಲೈಸೆನ್ಸಿನ ತಗಡಿನ ಬಿಲ್ಲೆ ತೋರಿಸಿದರೆ ಬಿಡಿಸಿಕೊಂಡು ಹೋಗಬಹುದು. ಯಾರೂ ಬರದಿದ್ದರೆ ನಾಲ್ಕನೆಯ ದಿನ ಬೆಳಿಗ್ಗೆ ಮುಗಿಸಿಬಿಡುವರು. ಬೀದಿನಾಯಿಗೆ ಯಜಮಾನ ಎಲ್ಲಿಂದ ಬರಬೇಕು? ಆತ ಹಿಡಿಯುವವನಲ್ಲ. ನೀರಿಡುವುದು, ನೆಲಕ್ಕೆ ಫಿನಾಯಿಲ್ ಹಾಕಿ ತೊಳೆಯುವುದು ಆತನ ಕೆಲಸ. ನಾಲ್ಕನೆಯ ಬೆಳಿಗ್ಗೆ ಅಲುಗಾಡದಂತೆ ಅವುಗಳನ್ನು ಒತ್ತಿ ಹಿಡಿದುಕೊಳ್ಳುವುದೂ ಆತನ ಕೆಲಸವೇ. ಅಂಥ ದಿನ ಮನೆಗೆ ಬಂದು ನಲ್ಲಿಯ ಕೆಳಗೆ ಮೊಣಕೈವರೆಗೆ ಕೈ ತೊಳೆಯುತ್ತಲೇ ಇರುತ್ತಿದ್ದ. ಹಿಂದೆ ಕೊಡ ಹಿಡಿದು ನಿಂತ ಹೆಂಗಸರು ಬಯ್ಯುತ್ತಿದ್ದರು. “ನೀರು ನಿಂತೋಗುತ್ತೆ, ಮುಗಿಸ್ರೀ ಬೇಗ! ಏನು ಗಾರೆ ಕೆಲಸಕ್ಕೆ ಹೋಗಿದ್ರಾ?” ಆತ ಪಕ್ಕಕ್ಕೆ ಸರಿಯುತ್ತಿದ್ದ, ಒಂದು ಕೊಡ ತುಂಬಿದ ಮೇಲೆ ಮತ್ತೆ ಕೈಯೊಡ್ಡುತ್ತಿದ್ದ.

ಆ ಮೂರು ದಿನದೊಳಗೆ ಆತ ಮಾಡುತ್ತಿದ್ದ ಇನ್ನೊಂದು ಕೆಲಸಕ್ಕೆ ಸಂಬಳ ಇರಲಿಲ್ಲ, ಅಪ್ಪಣೆಯೂ ಇರಲಿಲ್ಲ. ಕೂಡಿದವುಗಳಲ್ಲಿ ಒಂದು ಮರಿಯನ್ನೋ ಎಳೆಯ ನಾಯಿಯನ್ನೋ ಕಣ್ಣಲ್ಲಿ ಇಟ್ಟುಕೊಂಡು, ಅದಕ್ಕೊಂದು ಮನೆ ಹುಡುಕುತ್ತಿದ್ದ. ಮನೆ ಸಿಕ್ಕಿದರೆ ಖಾಕಿ ಕೋಟಿನೊಳಗೆ ಬಚ್ಚಿಟ್ಟು ತಂದು ಕೊಡುವುದು. ಕೋಟಿನ ಗುಂಡಿ ಹಾಕಿ ಬಂದನೆಂದರೆ ಒಳಗೆ ಏನೋ ಇದೆ ಎಂದು ನನಗೆ ಗೊತ್ತಾಗುತ್ತಿತ್ತು. ಬೇಸಿಗೆಯಲ್ಲಿ ಯಾರು ಗುಂಡಿ ಹಾಕುತ್ತಾರೆ?

ಆದರೆ ಬೀದಿನಾಯಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಆಗ ನಮ್ಮ ಕಡೆ ಪಾಮೇರಿಯನ್ ಹುಚ್ಚು. ಸ್ವಂತ ಮನೆ ಕಟ್ಟಿದರೆ ಮುಂದೆ ಗೇಟು, ಗೇಟಿನ ಹಿಂದೆ ಬಿಳಿಯ ಪಾಮೇರಿಯನ್. ಗೇಟಿನ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಬೋರ್ಡು. ಒಳಗಿನದು ಹೂವಿನ ಕುಂಡದಷ್ಟಿರುತ್ತಿತ್ತು. ಇನ್ನೂ ಜಂಬದವರಿಗೆ ಆಲ್ಸೇಷಿಯನ್. ನಾಯಿ ತರುವುದೆಂದರೆ ಮರಿ ಮಾಡಿಸುವವರ ಹತ್ತಿರ ಮೊದಲೇ ಹೇಳಿಟ್ಟು, ಕಾದು, ದುಡ್ಡು ಕೊಟ್ಟು ತರುವುದು. ಅಪ್ಪ ಯಾರು ಅವ್ವ ಯಾರು ಎಂದು ಹೆಣ್ಣು ಗಂಡು ನೋಡುವವರಿಗಿಂತ ಹೆಚ್ಚಾಗಿ ವಿಚಾರಿಸುತ್ತಿದ್ದರು.

ಹಾಗಾಗಿ ಆತ ಬೀದಿನಾಯಿಗೆ ಜಾತಿ ಕಟ್ಟಲು ಶುರು ಮಾಡಿದ. ಕಿವಿ ನೆಟ್ಟಗಿದ್ದರೆ ಆಲ್ಸೇಷಿಯನ್ ಕ್ರಾಸು. ಕಪ್ಪಗಿದ್ದು ಹುಬ್ಬಿನ ಮೇಲೆ ಕಂದು ಚುಕ್ಕೆ ಇದ್ದರೆ ಡಾಬರ್‌ಮನ್. ಹೊಟ್ಟೆಗಿಲ್ಲದೆ ಪಕ್ಕೆಲುಬು ಬಿಟ್ಟುಕೊಂಡಿದ್ದರೆ ಮುಧೋಳದ ಬೇಟೆ ನಾಯಿ. ಬೆಳ್ಳಗಿದ್ದರೆ ಕೇಳುವುದೇ ಬೇಡ, ಪಾಮೇರಿಯನ್. ಬರೀ ಜಾತಿ ಹೇಳಿದರೆ ನಂಬುವುದಿಲ್ಲವೆಂದು ಒಂದು ಸಂಸಾರವನ್ನೇ ಕಟ್ಟುತ್ತಿದ್ದ. “ಇದರಪ್ಪ ಮಿಲಿಟರಿ ಆಫೀಸರ್ ಮನೇದು ಸಾರ್, ಆರಡಿ ಗೋಡೆ ಹಾರಿ ಬಂದು ಈ ಕೆಲಸ ಮಾಡೈತೆ. ಅವರು ಮರ್ಯಾದೆಗೆ ಅಂಜಿ ಮರೀನ ಹೊರಗೆ ಕಳಿಸಿಬಿಟ್ರು,” ಎಂದು ಪಿಸುಮಾತಿನಲ್ಲಿ ಹೇಳುವನು. ಕೇಳಿದವರಿಗೆ ದೊಡ್ಡ ಮನೆಯ ಗುಟ್ಟು ಸಿಕ್ಕ ಖುಷಿ. ಮರಿ ಇಟ್ಟುಕೊಳ್ಳುತ್ತಿದ್ದರು.

“ಯಾಕಪ್ಪ ಹಿಂಗೆ ಬಾಯಿ ಬಿಟ್ರೆ ಸುಳ್ಳು?” ಎಂದೆ.

“ಅಕ್ಕ, ನಾನು ನಿಜ ಹೇಳಿದ ಮನೇಲಿ ಇವತ್ತಿಗೂ ಒಂದು ನಾಯಿ ಇಲ್ಲ.”

ನಾನು ಮುಂದಿನ ಕಡ್ಡಿ ಎತ್ತಿಕೊಂಡೆ.

ಒಂದು ವಿಷಯ ನೋಡಿ ನಾನು ನಗುತ್ತಿದ್ದೆ. ಆತ ಉಳಿಸಿದ ಯಾವ ನಾಯಿಯೂ ಆತನನ್ನು ಕಂಡರೆ ಬಾಲ ಅಲ್ಲಾಡಿಸುತ್ತಿರಲಿಲ್ಲ. ಹಲ್ಲು ಕಿರಿಯುತ್ತಿದ್ದವು, ಇಲ್ಲವೇ ಮಂಚದ ಕೆಳಗೆ ಹೋಗಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದವು. ದೊಡ್ಡಿಯ ಫಿನಾಯಿಲ್ ವಾಸನೆ ಆತನ ಮೈಗೆ ಅಂಟಿತ್ತು. ಆತ ಬೀದಿಗೆ ಕಾಲಿಟ್ಟರೆ ಗೇಟಿನಿಂದ ಗೇಟಿಗೆ ಬೊಗಳು ಹಬ್ಬುತ್ತಿತ್ತು. ಬೊಗಳುವುದರಿಂದಲೇ ಆತ ಯಾವ ಮನೆಯದು ಇನ್ನೂ ಇದೆ, ಯಾವುದು ಇಲ್ಲ ಎಂದು ಲೆಕ್ಕ ಹಾಕುತ್ತಿದ್ದ. ಒಂದು ಗೇಟು ಸುಮ್ಮನಿದ್ದರೆ ಅಲ್ಲೇ ನಿಂತು ಒಳಗೆ ಇಣುಕಿ ನೋಡುತ್ತಿದ್ದ.

ಈಗ ಆ ಬಿಳಿ ಮರಿಯ ವಿಷಯಕ್ಕೆ ಬರುತ್ತೇನೆ. ನನ್ನನ್ನು ಕೂರಲು ಬಿಡದಿರುವುದು ಅದೇ.

ನಮ್ಮ ಎದುರಿಗೆ ಒಂದು ಸ್ವಂತ ಮನೆ. ಯಜಮಾನರು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಆಕೆಗೆ ಪಾಮೇರಿಯನ್ ಬೇಕಿತ್ತು. ಬಸವೇಶ್ವರನಗರದಲ್ಲಿ ಮರಿ ಮಾಡಿಸುವ ಒಬ್ಬ ಹೆಂಗಸಿಗೆ ಹೇಳಿ ಐದು ತಿಂಗಳಾಗಿತ್ತು. ಈ ಸಲ ಬರೀ ಎರಡೇ ಹಾಕಿತು, ಮುಂದಿನ ಸಲ ಬನ್ನಿ ಎಂದು ಆಕೆ ಸಾಗಹಾಕುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಬೀದಿಯ ಇವರ ಓರಗಿತ್ತಿಗೆ ಒಂದು ಸಿಕ್ಕಿಬಿಟ್ಟಿತ್ತು. ಇವರಿಗೆ ನಿದ್ದೆಯಿಲ್ಲ.

ಒಂದು ದಿನ ಸಂಜೆ ಆತ ಕೋಟಿನ ಗುಂಡಿ ಹಾಕಿಕೊಂಡು ಬಂದ. ಮೂರನೆಯ ದಿನ. ನಾಲ್ಕು ಬೀದಿ ತಿರುಗಿದ್ದನಂತೆ, ಒಬ್ಬರೂ ಒಪ್ಪಿಲ್ಲ. ಬೆಳಗಾಗುವುದರೊಳಗೆ ಮರಿಯನ್ನು ದೊಡ್ಡಿಯಲ್ಲಿ ವಾಪಸು ಇಡದಿದ್ದರೆ ತಲೆ ಎಣಿಸುವಾಗ ಸಿಕ್ಕಿಬೀಳುತ್ತಾನೆ. ಮನೆ ಸಿಕ್ಕಿದರೆ ಸತ್ತುಹೋಯಿತೆಂದು ಬರೆಸಿಬಿಡುತ್ತಾನೆ. ನನ್ನ ಬಾಗಿಲಲ್ಲಿ ನಿಂತು ಕೋಟು ಬಿಚ್ಚಿದ. ಮುಷ್ಟಿಯಷ್ಟು ಬಿಳಿ ಹೆಣ್ಣು ಮರಿ, ಕಣ್ಣು ತುಂಬ ಪಿಸರು.

ಎದುರು ಮನೆಯಾಕೆ ಗೇಟಿನಿಂದ ನೋಡಿದರು. ಸೆರಗು ಸರಿಮಾಡಿಕೊಂಡು ಬಂದೇಬಿಟ್ಟರು.

“ಏನ್ರೀ ಅದು, ಪಾಮೇರಿಯನ್ನಾ?”

“ಅಪ್ಪಟ ಅಲ್ಲಮ್ಮ, ಸುಳ್ಳು ಹೇಳಬಾರದು,” ಅಂದ ಆತ. ಅಪ್ಪಟ ಅಂದರೆ ನಂಬುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. “ಅವ್ವ ಪಾಮೇರಿಯನ್ನು. ಅಪ್ಪಂದು ಮಾತ್ರ ಗೊತ್ತಿಲ್ಲ.”

“ನೀವು ಎಲ್ಲಾದಕ್ಕೂ ಹಿಂಗೇ ಅಂತೀರಂತೆ. ನಮ್ಮ ಓರಗಿತ್ತಿ ಹೇಳ್ತಿದ್ಲು.” ಆಕೆ ನನ್ನ ಕಡೆ ತಿರುಗಿದರು. “ನೀನು ಹೇಳಮ್ಮ. ನೀನು ಮುಖ ನೋಡಿ ಮಾತಾಡೋಳಲ್ಲ. ಇದರ ತಾಯಿ ನಿಜವಾಗ್ಲೂ ಪಾಮೇರಿಯನ್ನಾ?”

ನನ್ನ ಬಾಯಿ ಒರಟು. ಅದಕ್ಕೆ ಬೀದಿಯಲ್ಲಿ ಅಷ್ಟು ಬೆಲೆ ಇತ್ತು. ಇದು ಬೇಯಲಿಲ್ಲ, ಅದು ಒಪ್ಪಲಿಲ್ಲ ಎಂದು ಮುಖಕ್ಕೆ ಹೇಳುವವಳು. ಆತ ನನ್ನನ್ನು ನೋಡಲಿಲ್ಲ. ಮರಿಯ ಕಣ್ಣಿನ ಪಿಸರನ್ನು ಹೆಬ್ಬೆರಳಿನಲ್ಲಿ ಒರೆಸುತ್ತ ನಿಂತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

“ಹೂಂ, ನಾನೇ ನೋಡಿದೀನಿ ಅದರ ಅವ್ವನ್ನ,” ಅಂದೆ. “ಪೊದೆ ಪೊದೆ ಕೂದಲು.”

ಮರಿ ಗೇಟಿನೊಳಗೆ ಹೋಯಿತು. ಆತ ಬೀದಿಯ ಕೊನೆಗೆ ಹೋಗಿ ತಿರುಗಿ ಬಂದ. ನಾನು ಹೊಸೆದ ಎಂಟು ಹತ್ತು ಕಡ್ಡಿ ಡೊಂಕಾದವು.

ಮರಿ ಬೆಳೆಯಿತು. ಬೆಳೆದದ್ದೇ ತೊಂದರೆ. ಪಾಮೇರಿಯನ್ನಿನ ಕಾಲು ಗೇಣುದ್ದ. ಇದರ ಕಾಲು ಮೊಳ ದಾಟಿತು. ಕೂದಲು ಇವತ್ತು ಬರುತ್ತೆ ನಾಳೆ ಬರುತ್ತೆ ಎಂದು ಆಕೆ ತಲೆಗೆ ಹಾಕುವ ಎಣ್ಣೆಯನ್ನೇ ಅದಕ್ಕೂ ತಿಕ್ಕಿದರು. ಪ್ರತಿ ಶನಿವಾರ ಎಣ್ಣೆ ಸ್ನಾನ, ಸೀಗೆಪುಡಿ. ಕೂದಲು ಬರಲಿಲ್ಲ, ನಾಯಿ ಮಾತ್ರ ಮಿರಮಿರ ಮಿಂಚುತ್ತಿತ್ತು. ಬೀದಿಯವರು ಒಳಗೊಳಗೇ ನಗುತ್ತಿದ್ದರು. ಆಕೆಗೆ ಮಾತ್ರ ಅದು ಪಾಮೇರಿಯನ್ನೇ. ಅವ್ವನನ್ನು ನಾನು ನೋಡಿದ್ದೆನಲ್ಲ.

ವರ್ಷ ತುಂಬುವ ಹೊತ್ತಿಗೆ ನಾಯಿ ಬೆದೆಗೆ ಬಂತು. ಆಕೆ ನನ್ನನ್ನು ಕರೆದು, “ಬಾರಮ್ಮ ನನ್ನ ಜೊತೆ. ಬಸವೇಶ್ವರನಗರಕ್ಕೆ ಹೋಗಿ ಅವರ ಗಂಡು ನಾಯಿಗೆ ಕೇಳಿ ಬರೋಣ. ತಾಯಿ ವಿಷಯ ಕೇಳಿದ್ರೆ ಹೇಳೋಕೆ ನೀನಿರ್ತೀಯ,” ಅಂದರು. ಏನೇನೋ ನೆಪ ಹೇಳಿದೆ, ಕೇಳಲಿಲ್ಲ. ಹೊರಟಾಗ ನೋಡುತ್ತೇನೆ, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಅರಿಸಿನ ಕುಂಕುಮದ ಬಟ್ಟಲು. ನಾಯಿಯ ಹಣೆಗೂ ಕುಂಕುಮ.

“ಇದೇನ್ರಮ್ಮ?”

“ಹೆಣ್ಣಿನ ಕಡೆಯೋರು ಬರೀ ಕೈಲಿ ಹೋಗ್ತಾರಾ? ಮೊದಲನೇ ಸಲ.”

ತಟ್ಟೆ ಆಕೆಯದು, ಸರಪಳಿ ನನ್ನದು. ಹಿಂದೆ ನಾಲ್ಕು ಬೀದಿ ಗಂಡು ನಾಯಿಗಳು, ದಿಬ್ಬಣದ ಹಾಗೆ. ನಾಚಿಕೆಯಾಗಿ ನಾನು ನೆಲ ನೋಡಿಕೊಂಡು ನಡೆದೆ.

ಆ ಹೆಂಗಸು ಗೇಟಿನ ಒಳಗೇ ನಿಂತು ನಮ್ಮ ನಾಯಿಯನ್ನು ಕಿವಿಯಿಂದ ಬಾಲದವರೆಗೆ ನೋಡಿದಳು. ಮರಿ ಕೊಳ್ಳಲು ಬಂದ ಒಬ್ಬ ಗಂಡ ಹೆಂಡತಿ ಜಗುಲಿಯಲ್ಲಿ ಕೂತಿದ್ದರು, ಅವರೂ ಎದ್ದು ಬಂದು ನೋಡಿದರು.

“ಇದು ಬೀದಿ ನಾಯಿ ಕಣ್ರೀ,” ಅಂದಳು ಆಕೆ. ಕೆಟ್ಟದಾಗಿ ಹೇಳಲಿಲ್ಲ, ತರಕಾರಿ ನೋಡಿ ಹೇಳುವ ಹಾಗೆ ಹೇಳಿದಳು. “ಚೆನ್ನಾಗಿ ಸಾಕಿದೀರ. ಗಟ್ಟಿಮುಟ್ಟಾಗಿದೆ. ಆದ್ರೆ ನನ್ನ ಗಂಡನ್ನ ಇದಕ್ಕೆ ಬಿಡಲ್ಲ.”

“ತಾಯಿ ಪಾಮೇರಿಯನ್ನು. ಇವಳು ಕಣ್ಣಾರೆ ನೋಡಿದಾಳೆ. ಹೇಳಮ್ಮ!”

ಕೂತಿದ್ದ ಗಂಡ ಹೆಂಡತಿ ನಕ್ಕರು. ನಾನು ಗೇಟಿನ ಸಂದಿಯಿಂದ ಒಳಗೆ ನೋಡುತ್ತಿದ್ದೆ. ತೊಳೆದು ಇಟ್ಟ ಗೂಡುಗಳು, ಎಲ್ಲಾ ಬಿಳಿ ನಾಯಿಗಳು. ಒಂದು ಮುದಿ ಹೆಣ್ಣು ಮಾತ್ರ ಮೂಲೆಯ ಗೂಡಿನಲ್ಲಿ ಮಲಗಿತ್ತು. ಕೆಚ್ಚಲು ನೆಲಕ್ಕೆ ಹಾಸಿಕೊಂಡಿತ್ತು. ಕತ್ತಿನ ಕೂದಲು ಜಾಲರಿಗೆ ಉಜ್ಜಿ ಉಜ್ಜಿ ಬೋಳಾಗಿತ್ತು. ನಾನು ಆರು ಹೆತ್ತವಳು. ಆ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ.

“ಅದು ಎಷ್ಟು ಸೂಲು ಹಾಕೈತೆ?” ಎಂದು ಕೇಳಿದೆ.

“ಅದಾ? ಇನ್ನಾಗಲ್ಲ ಅದರ ಕೈಲಿ. ಯಾರಿಗಾದ್ರೂ ಕೊಡಬೇಕು, ಯಾರೂ ತಗೊಳ್ಳಲ್ಲ. ವಯಸ್ಸಾಗಿದೆ ಅಂತಾರೆ.” ಹಾಗೆಂದು ಆಕೆ ಗೇಟಿನ ಅಗಳಿ ಹಾಕಿದಳು.

ಅಂದರೆ ಅಪ್ಪಟ ಜಾತಿಯದಕ್ಕೂ ಒಂದು ನಾಲ್ಕನೆಯ ದಿನ ಇದೆ ಅಂದುಕೊಂಡೆ. ಅಪ್ಪಟದ್ದನ್ನು ಕೊಳ್ಳುವವರನ್ನು ನಾನು ಬಯ್ಯುವುದಿಲ್ಲ. ಅವರ ದುಡ್ಡು, ಅವರ ಗೇಟು. ಆದರೆ ಅವರು ಮರಿಯನ್ನು ನೋಡುತ್ತಾರೆ, ಮೂಲೆಯ ಗೂಡಿನ ಕಡೆ ಕತ್ತು ತಿರುಗಿಸುವುದಿಲ್ಲ.

ವಾಪಸು ಬರುವಾಗ ಸೂಪರ್‌ವೈಸರ ಹೆಂಡತಿ ತಟ್ಟೆಗೆ ಸೆರಗು ಮುಚ್ಚಿಕೊಂಡಿದ್ದರು. ವಠಾರದ ಬಾಗಿಲಿಗೆ ಬಂದ ಮೇಲೆ ಬಾಯಿ ಬಿಟ್ಟರು.

“ನಿನ್ನ ಬಾಯಿಂದ ಬಂತು ಅಂತ ನಂಬಿದೆ ಕಣೇ. ಅವನು ಸುಳ್ಳ ಅಂತ ಊರಿಗೇ ಗೊತ್ತು. ನೀನು!” ಸರಪಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು. “ನಾಳೆ ವ್ಯಾನ್ ಬಂದ್ರೆ ನಾನೇ ಎತ್ತಿ ಕೊಡ್ತೀನಿ ಇದನ್ನ.”

ಕೊಡುವುದಕ್ಕಿಂತ ಕೆಟ್ಟದ್ದು ಮಾಡಿದರು. ಯಜಮಾನರಿಂದ ದೊಡ್ಡಿಯ ಆಫೀಸರಿಗೆ ಒಂದು ಅರ್ಜಿ ಬರೆಸಿದರು. ನಿಮ್ಮ ಆಳು ದೊಡ್ಡಿಯ ನಾಯಿಗಳನ್ನು ಕದ್ದು ತಂದು, ಜಾತಿ ನಾಯಿಯೆಂದು ಸುಳ್ಳು ಹೇಳಿ ಮನೆಮನೆಗೆ ಹಂಚುತ್ತಿದ್ದಾನೆ ಎಂದು. ನಿಜವನ್ನೇ ಬರೆದಿದ್ದರು, ಅದೇ ಕಷ್ಟ. ವಿಚಾರಣೆಯಲ್ಲಿ ರುಜುವಾತಾದರೆ ಆತನ ಕೆಲಸ ಹೋಗುತ್ತದೆ, ನಾಯಿ ದೊಡ್ಡಿಗೆ ಹೋಗುತ್ತದೆ. ವಿಚಾರಣೆ ಆಗುವವರೆಗೆ ನೀವೇ ಕಟ್ಟಿಹಾಕಿರಿ ಎಂದು ನಾಯಿಯನ್ನು ತಂದು ವಠಾರದ ನಲ್ಲಿಯ ಕಂಬಕ್ಕೆ ಬಿಗಿದು ಹೋದರು.

ಒಂದು ವಾರ ವಠಾರದಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಬೆದೆಯ ನಾಯಿ ಒಳಗೆ, ಬಾಗಿಲಲ್ಲಿ ಏಳೆಂಟು ಗಂಡು ನಾಯಿಗಳು, ಒಂದನ್ನೊಂದು ಹರಿದುಕೊಳ್ಳುತ್ತಿದ್ದವು. ನೀರಿಗೆ ಬಂದ ಹೆಂಗಸರು ಕೋಲು ಹಿಡಿದೇ ಬರಬೇಕು. ಬಯ್ಗುಳ ಎಲ್ಲಾ ಆತನ ಹೆಂಡತಿಗೆ. ಆಕೆ ಪಾಪದವಳು, ತಲೆ ಬಗ್ಗಿಸಿಕೊಂಡು ಕೊಡ ಹೊರುತ್ತಿದ್ದಳು. ಆತ ಕಂಬದ ಹತ್ತಿರ ಅನ್ನ ಇಟ್ಟರೆ ನಾಯಿ ಹಲ್ಲು ಕಿರಿಯುತ್ತಿತ್ತು, ದೂರ ಹೋದ ಮೇಲೆ ತಿನ್ನುತ್ತಿತ್ತು. ಆತ ಬಾಗಿಲಿಂದ ನಲ್ಲಿಗೆ, ನಲ್ಲಿಯಿಂದ ಬಾಗಿಲಿಗೆ ನಡೆದ. ನೋಡಿ ನೋಡಿ ನನ್ನ ತಲೆ ತಿರುಗಿತು.

“ನಿಂತ್ಕೊಳ್ಳಪ್ಪ ಒಂದು ಕಡೆ!”

“ನೀವು ಇಟ್ಕೊಳ್ಳಿ ಅಕ್ಕ ಇದನ್ನ.”

“ನನ್ನ ಮನೇಲಿ ಎಂಟು ಬಾಯಿ ಐತೆ. ಆಗಲ್ಲ.”

ಆಗಲ್ಲ ಎಂದೇ ಹೇಳಿದೆ. ನಾಯಿ ಕಂಡರೆ ನನಗೆ ಪ್ರೀತಿ ಇರಲಿಲ್ಲ, ಇಂದಿಗೂ ಅಷ್ಟಕ್ಕಷ್ಟೇ.

ಆಫೀಸರು ಸ್ಕೂಟರಿನಲ್ಲಿ ಬಂದರು. ವಠಾರದ ಮಧ್ಯೆ ಕುರ್ಚಿ ಹಾಕಿದೆವು. ಒಂದು ಕಡೆ ಅರ್ಜಿ ಹಿಡಿದ ಸೂಪರ್‌ವೈಸರ ಹೆಂಡತಿ, ಒಂದು ಕಡೆ ಆತ. ಎಂಟೂ ಮನೆಯವರು ಹೊಸ್ತಿಲಲ್ಲಿ. ಆಫೀಸರು ಅರ್ಜಿ ಓದಿ ಆತನನ್ನು ಕೇಳಿದರು, “ಈ ನಾಯಿ ದೊಡ್ಡಿಯಿಂದ ತಂದದ್ದು ಹೌದೇನಯ್ಯಾ?”

ಆತ ಬಾಯಿ ತೆರೆದ. ಅಷ್ಟು ವರ್ಷ ಮಿಲಿಟರಿ ಆಫೀಸರ ಗೋಡೆ, ಮುಧೋಳದ ಬೇಟೆ ಎಂದೆಲ್ಲ ಕಥೆ ಹೇಳಿದ ಬಾಯಿಂದ ಆ ದಿನ ಒಂದೇ ಒಂದು ಸುಳ್ಳು ಹೊರಡಲಿಲ್ಲ. ಹೌದು ಎಂದು ಹೇಳುವವನ ಮುಖ ಅದು. ಆತನ ಹೆಂಡತಿ ಹೊಸ್ತಿಲ ಮೇಲೆ ಕೂತುಬಿಟ್ಟಳು.

“ನಾಯಿ ನಂದು ಸ್ವಾಮಿ,” ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

“ನಮ್ಮ ಹಿತ್ತಿಲಲ್ಲಿ ಒಂದು ನಾಯಿ ಮರಿ ಹಾಕಿತ್ತು. ನಾನೇ ಕೊಟ್ಟಿದ್ದು. ಈಯಪ್ಪ ಬರೀ ಎತ್ಕೊಂಡು ನಿಂತಿದ್ದ.”

“ಪಾಮೇರಿಯನ್ ಅಂದ್ಯಲ್ಲೇ!” ಎಂದು ಎದುರು ಮನೆಯಾಕೆ ಕೂಗಿದರು. “ತಾಯೀನ ನೋಡಿದೀನಿ ಅಂದ್ಯಲ್ಲ!”

“ನಮ್ಮ ಹಿತ್ತಿಲಲ್ಲೇ ಇತ್ತಲ್ಲ ತಾಯಿ, ನೋಡದೆ ಇರ್ತೀನಾ? ಬೆಳ್ಳಗಿತ್ತು. ಬೆಳ್ಳಗಿರೋದೆಲ್ಲ ಪಾಮೇರಿಯನ್ ಅಂದ್ಕೊಂಡಿದ್ದೆ. ನಾನೇನು ಓದಿದವಳಾ?”

ಯಾರೋ ಕಿಸಕ್ಕೆಂದರು. ಆಫೀಸರ ಮೀಸೆಯೂ ಅಲುಗಿತು. ನಮ್ಮ ವಠಾರಕ್ಕೆ ಹಿತ್ತಿಲೇ ಇರಲಿಲ್ಲ, ಹಿಂದೆ ಇದ್ದದ್ದು ಚರಂಡಿ ಸಂದಿ. ಅವರು ಎದ್ದು ನೋಡಲಿಲ್ಲ. ನೋಡುವ ಮನಸ್ಸು ಇರಲಿಲ್ಲವೇನೋ. “ನಿಮ್ಮದಾದ್ರೆ ಲೈಸೆನ್ಸ್ ಮಾಡಿಸ್ಕೊಳ್ಳಿ. ಬಿಲ್ಲೆ ಇಲ್ಲದೆ ಇನ್ನೊಂದು ಸಲ ಕಂಡ್ರೆ ವ್ಯಾನಿಗೆ ಹಾಕ್ತಾರೆ,” ಎಂದು ಅರ್ಜಿಯ ಕೆಳಗೆ ಏನೋ ಬರೆದರು. ನನ್ನ ರುಜು ಹಾಕಿಸಿಕೊಂಡರು. ಹೀಗೆ ನಾಯಿ ನನ್ನದಾಯಿತು. ಬೇಕೆಂದು ಆದದ್ದಲ್ಲ. ಬೀದಿಯವರು ಅದನ್ನು ಪಾಮಿ ಎಂದು ಅಣಕಿಸಿ ಕರೆದರು, ಅದೇ ಹೆಸರಾಯಿತು. ಹನ್ನೊಂದು ವರ್ಷ ಬದುಕಿತು. ಊದುಬತ್ತಿಯ ವಾಸನೆಗೆ ಸೀನುತ್ತಲೇ ಬದುಕಿತು.

ಮಾರನೆಯ ದಿನ ಆತ ನನ್ನ ಬಾಗಿಲಿಗೆ ಬಂದ. ಕೈಮುಗಿಯುತ್ತಾನೆ ಅಂದುಕೊಂಡೆ. ನಾನು ಬೇಡವೆನ್ನಲು ಸಿದ್ಧವಾಗಿದ್ದೆ.

“ಅದರ ಅವ್ವ ಕಂದು ಬಣ್ಣದ್ದು ಅಕ್ಕ,” ಅಂದ.

ನಾನು ಕಡ್ಡಿ ಹೊಸೆಯುತ್ತಲೇ ಇದ್ದೆ.

“ಮೂರು ಮರಿ ಇದ್ವು. ಎರಡು ಕಂದು, ಒಂದು ಬಿಳೀದು. ಬಿಳೀದಾದ್ರೆ ಪಾಮೇರಿಯನ್ ಅನ್ನಬಹುದು, ಮನೆ ಸಿಗುತ್ತೆ ಅಂತ ಅದನ್ನ ಎತ್ಕೊಂಡೆ. ನಾನೂ ಬಣ್ಣ ನೋಡೇ ಆರಿಸೋದು ಅಕ್ಕ. ಆ ಬಸವೇಶ್ವರನಗರದೋಳಿಗೂ ನಂಗೂ ಏನು ವ್ಯತ್ಯಾಸ?” ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. “ನಾಲ್ಕನೇ ದಿನ ಬೆಳಿಗ್ಗೆ ಉಳಿದ ಎರಡನ್ನೂ ಅವ್ವನ್ನೂ ನಾನೇ ಹಿಡ್ಕೊಂಡಿದ್ದು. ಕೆಲಸ ಹೋಗಿದ್ರೇ ಚೆನ್ನಾಗಿತ್ತು. ನೀವು ಯಾಕೆ ಅಡ್ಡ ಬಂದ್ರಿ?”

ನನಗೆ ಸಿಟ್ಟು ಬಂತು. “ಕೆಲಸ ಹೋಗಿದ್ರೆ ಆ ಜಾಗಕ್ಕೆ ಇನ್ನೊಬ್ಬ ಬರ್ತಿದ್ದ. ಅವನೂ ಹಿಡ್ಕೊಂಡಿರ್ತಿದ್ದ. ಕೋಟಿನ ಗುಂಡಿ ಹಾಕ್ತಿರಲಿಲ್ಲ. ಹೋಗು, ನನ್ನ ಊದುಬತ್ತಿ ಹಿಟ್ಟು ಒಣಗ್ತಾ ಐತೆ.”

ಹೋದ. ನಾನು ಹೇಳಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ. ಆತನ ಕೆಲಸ ಉಳಿಸಿದವಳು ನಾನು. ಆ ಮೇಲೆ ಎಷ್ಟು ನಾಲ್ಕನೆಯ ಬೆಳಗುಗಳಲ್ಲಿ ಆತ ಎಷ್ಟನ್ನು ಹಿಡಿದುಕೊಂಡನೋ. ಎಷ್ಟನ್ನು ಕೋಟಿನೊಳಗೆ ತಂದನೋ. ಯಾವುದು ಹೆಚ್ಚು ಎಂದು ಆತನೂ ಹೇಳಲಿಲ್ಲ.

ನಮ್ಮ ಬೀದಿಯಲ್ಲಿ ಮಾತ್ರ ಆತನ ಮಾತು ಕೆಟ್ಟಿತು. ಪಾಮಿಯ ದಿಬ್ಬಣದ ಕಥೆ ಬ್ಲಾಕಿನಿಂದ ಬ್ಲಾಕಿಗೆ ಹೋಯಿತು. ಆತ ಕೋಟು ಬಿಚ್ಚುವುದರೊಳಗೆ ಜನ ಕೇಳುತ್ತಿದ್ದರು: “ಇದರಪ್ಪ ಯಾವ ಜನರಲ್ಲು?” ಆತ ನಿಜ ಹೇಳಲು ಶುರು ಮಾಡಿದ. ದೊಡ್ಡಿಯದು, ಬೀದಿಯದು, ನಾಳೆ ಬೆಳಿಗ್ಗೆವರೆಗೆ ಟೈಮ್ ಇದೆ, ಇಟ್ಟುಕೊಳ್ಳಿ ಎಂದು. ಒಂದೂ ಹೋಗಲಿಲ್ಲ. ಎರಡು ತಿಂಗಳು ನಲ್ಲಿಯ ಕೆಳಗೆ ಕೈ ತೊಳೆಯುವುದೇ ಆಯಿತು.

ಆಮೇಲೆ ಒಂದು ದಿನ, ಕೆಂಗೇರಿಯಲ್ಲಿ ಮನೆ ನೋಡಿದ್ದೀನಿ, ಭಾನುವಾರ ಖಾಲಿ ಮಾಡ್ತೀನಿ ಅಂದ.

“ಅಷ್ಟು ದೂರದಿಂದ ದೊಡ್ಡಿಗೆ ಹೆಂಗಪ್ಪ ಬರ್ತೀಯ?”

“ಸೈಕಲ್ ಐತಲ್ಲ. ಇಲ್ಲಿ ನನ್ನ ಯಾರೂ ನಂಬಲ್ಲ ಅಕ್ಕ. ಅಲ್ಲಿ ಹೊಸ ಮನೆಗಳು ಏಳ್ತಾ ಇದಾವೆ, ಹೊಸ ಗೇಟುಗಳು. ಯಾರಿಗೂ ನಾನು ಗೊತ್ತಿಲ್ಲ.” ಆ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಚೂರು ಗೆಲುವು ಕಂಡಿತು. ಸುಳ್ಳು ಹೇಳುವುದಕ್ಕಾಗಿ ಮನೆ ಬದಲಾಯಿಸಿದವನನ್ನು ನಾನು ಅವನೊಬ್ಬನನ್ನೇ ನೋಡಿದ್ದು.

ಆ ಭಾನುವಾರ ಪಾತ್ರೆ ಪಗಡೆ, ಟ್ರಂಕು, ಸೈಕಲ್ಲು, ಹೆಂಡತಿ ಮಕ್ಕಳನ್ನು ಎತ್ತಿನ ಗಾಡಿಗೆ ಹತ್ತಿಸಿ ಕಳಿಸಿದ. ತಾನು ಹತ್ತಲಿಲ್ಲ. ಕೋಟಿನ ಗುಂಡಿ ಹಾಕಿತ್ತು. ಮೂರನೆಯ ದಿನವಂತೆ. 

“ಏನ್ ಬಣ್ಣ?” ಎಂದು ಕೇಳಿದೆ.

“ಕಂದು,” ಅಂದ. “ಒಂದು ಕಿವಿ ಅರ್ಧ ಇಲ್ಲ.”

ಅಂಥದ್ದಕ್ಕೆ ಯಾವ ಜಾತಿಯನ್ನೂ ಕಟ್ಟಲಾಗುವುದಿಲ್ಲ. ನನಗೂ ಗೊತ್ತಿತ್ತು, ಆತನಿಗೂ. ಇಲ್ಲಿಂದ ಕೆಂಗೇರಿಯವರೆಗೆ ಎಷ್ಟೋ ಬಾಗಿಲು ಇದ್ದಾವೆ ಎಂದು ಹೇಳಿ ನಡೆದುಕೊಂಡೇ ಹೊರಟ.

ಹದಿನೈದು ದಿನದ ಮೇಲೆ ಆತನ ಹೆಂಡತಿ ರೇಷನ್ ಕಾರ್ಡಿನ ವಿಷಯಕ್ಕೆ ಬಂದಾಗ ಕೇಳಿದೆ, ಆ ಮರಿ ಏನಾಯಿತು ಎಂದು. ಆಕೆ ಹೇಳಿದ್ದು ಇದು. ವಿಜಯನಗರ ಪೂರ್ತಿ ತಿರುಗಿದನಂತೆ, ಒಬ್ಬರೂ ತೆಗೆದುಕೊಳ್ಳಲಿಲ್ಲ. ಮೈಸೂರು ರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿಯ ಮುಂದೆ ನೀರು ಕೇಳಲು ನಿಂತಾಗ ಕೋಟಿನಿಂದ ಮರಿ ತಲೆ ಹೊರಗೆ ಹಾಕಿತಂತೆ. ಮೈಯೆಲ್ಲ ಹಿಟ್ಟಾದ ಗಿರಣಿಯವನು ಕೈ ಚಾಚಿ ಮರಿಯನ್ನು ತೆಗೆದುಕೊಂಡು, ಇಲಿಗಳ ಕಾಟ, ಇಲ್ಲೇ ಇರಲಿ ಎಂದನಂತೆ.

“ಏನ್ ಜಾತಿ ಅಂತ ಹೇಳಿ ಕೊಟ್ಟ?”

“ಅದೇ ಕಣಕ್ಕ ಆಗಿದ್ದು. ಅವನು ಕೇಳಲೇ ಇಲ್ಲವಂತೆ. ಇವರು ಹೇಳೋಕೆ ಬಾಯಿ ತೆಗೆದ್ರೂ ಮಿಷನ್ ಸದ್ದಲ್ಲಿ ಕೇಳಿಸ್ಕೊಳ್ಳಲಿಲ್ಲವಂತೆ. ಮನೆಗೆ ಬಂದು ಅನ್ನ ಮುಟ್ಟಲಿಲ್ಲ. ಏನೂ ಕೇಳದೆ ತಗೊಂಡೋನು ಇಟ್ಕೋತಾನೇನೆ, ಆಚೆ ಬಿಟ್ಟಿರ್ತಾನೆ, ವ್ಯಾನ್ ಬಂದಿರುತ್ತೆ, ಅಂತ ಅತ್ಲಿಂದ ಇತ್ಲಿಗೆ ಓಡಾಡಿದ್ದೇ ಓಡಾಡಿದ್ದು. ಬೆಳಿಗ್ಗೆ ಎದ್ದವರೇ ಸೈಕಲ್ ಹತ್ತಿ ಅಲ್ಲಿಗೇ ಹೋದ್ರು.”

“ಇತ್ತಾ?”

“ಇತ್ತಂತೆ. ಗೋಣಿಚೀಲದ ಮೇಲೆ ಮಲಗಿತ್ತಂತೆ. ಇವರು ಬಾಗಿಲಲ್ಲಿ ನಿಂತ್ಕೊಂಡು ನೋಡ್ತಾ ಇದ್ರೆ ಗಿರಣಿಯವನು ಮಿಷನ್ ನಿಲ್ಲಿಸಿ ಎದ್ದು ಬಂದು, ‘ಯಾಕೆ, ವಾಪಸ್ ಬೇಕಾ? ಕೊಡಲ್ಲ, ಹೋಗ್ರೀ’ ಅಂದನಂತೆ.”